ಐಸ್ ಡಾನ್ಸ್ ಟೆಸ್ಟಿಗೆ ಏನು ಹಾಕ್ಕೊಳ್ಳಲಿ?

ಪ್ರಶ್ನೆ: ನನಗೆ 41 ವರ್ಷ. ಊರು ಹಾಸನ, ಈಗ ಮಿಷಿಗನ್‌ನಲ್ಲಿದ್ದೇವೆ. ಮಗಳನ್ನು ಐಸ್ ಸ್ಕೇಟಿಂಗ್ ರಿಂಕಿಗೆ ಬಿಟ್ಟು ಕಾದು ಕಾದು ಬೇಜಾರಾಗಿ ನಾನೂ ಐಸ್ ಡಾನ್ಸ್, ಅಂದರೆ ಸ್ಕೇಟ್ ಹಾಕಿಕೊಂಡು ಜೋಡಿಯಾಗಿ ಮಾಡುವ ನೃತ್ಯ, ಶುರು ಮಾಡಿದೆ. ಮುಂದಿನ ತಿಂಗಳು ಮೊದಲ ಟೆಸ್ಟ್. ಡಚ್ ವಾಲ್ಟ್ಸ್ ಅನ್ನುವ ನೃತ್ಯ, ಕೋಚ್ ಜೊತೆ. ಸ್ಕರ್ಟ್ ಹಾಕಲೇಬೇಕಾ, ಲೆಗ್ಗಿಂಗ್ಸ್ ಸಾಕಾ? 11 ವರ್ಷದ ಮಗಳಿಗೆ ಬೇಸಿಗೆಯಲ್ಲಿ ಪಾರ್ಟ್ನರ್ ಇಲ್ಲದೆ ಒಬ್ಬಳೇ ಮಾಡುವ ಸೋಲೋ ಡಾನ್ಸ್ ಸ್ಪರ್ಧೆ ಇದೆ, ಭಾರತೀಯ ಸಂಗೀತಕ್ಕೆ ಮಾಡುತ್ತಾಳೆ. ಅವಳಿಗೆ ಚಿಕ್ಕದಾದ ಭರತನಾಟ್ಯದ ಡ್ರೆಸ್ ಬಿಚ್ಚಿ ಸ್ಕೇಟಿಂಗ್ ಡ್ರೆಸ್ ಮಾಡಬಹುದಾ? ಇಲ್ಲವಾದರೆ ಊರಿಗೆ ಹೋದಾಗ ಚಿಕ್ಕಪೇಟೆಯಲ್ಲಿ ಬಟ್ಟೆ ತಗೊಂಡು ಅಲ್ಲೇ ಹೊಲಿಸಿಬಿಡಲಾ?

ಉತ್ತರ: ಮೊದಲು ನಿಮ್ಮ ಗಾಬರಿ ಇಳಿಸಿಬಿಡುತ್ತೇನೆ. ಟೆಸ್ಟಿನಲ್ಲಿ ಬಟ್ಟೆಗೆ ಮಾರ್ಕ್ಸ್ ಇಲ್ಲ. ಜಡ್ಜ್‌ಗಳು ರಿಂಕಿನ ಪಕ್ಕದಲ್ಲಿ ಕಾಲ ಮೇಲೆ ಕಂಬಳಿ ಹೊದ್ದು, ಕಾಫಿ ಲೋಟಕ್ಕೆ ಕೈ ಕಾಯಿಸಿಕೊಳ್ಳುತ್ತಾ ಕೂತಿರುತ್ತಾರೆ. ಅವರಿಗೆ ಬೇಕಾದ್ದು ನಿಮ್ಮ ಮಂಡಿ ಬಗ್ಗುತ್ತಿದೆಯಾ, ಬ್ಲೇಡು ಅಂಚಿನ ಮೇಲೆ ನಿಂತಿದೆಯಾ, ನಿಮಿಷಕ್ಕೆ 138 ಬೀಟ್‌ಗಳ ಆ ವಾಲ್ಟ್ಸಿಗೆ ಹೆಜ್ಜೆ ಸರಿಯಾಗಿ ಕೂರುತ್ತಿದೆಯಾ, ಬೆನ್ನು ನೆಟ್ಟಗಿದೆಯಾ, ಇಷ್ಟೇ. ಇದನ್ನೆಲ್ಲ ಮುಚ್ಚಿಹಾಕದ ಯಾವ ಬಟ್ಟೆಯಾದರೂ ನಡೆಯುತ್ತದೆ. ದೊಗಲೆ ಟ್ರ್ಯಾಕ್ ಪ್ಯಾಂಟು, ಸೊಂಟದ ಮೇಲೆ ಉಬ್ಬುವ ಜಾಕೆಟ್ಟು ಬೇಡ. ಮಂಡಿ ಎಷ್ಟೇ ಬಗ್ಗಿಸಿದರೂ ಆ ಪ್ಯಾಂಟಿನೊಳಗೆ ಅದು ಯಾರಿಗೂ ಕಾಣುವುದಿಲ್ಲ, ಸುಮ್ನೆ ಮಾರ್ಕ್ಸ್ ಕಳೆದುಕೊಂಡ ಹಾಗೆ.

ನಾನು ಕೋಚ್ ಅಲ್ಲ, ಹೊಲಿಯುವವಳು. ಮೊದಲು ನನ್ನ ಮಗಳಿಗೆ ಹೊಲಿದೆ, ಆಮೇಲೆ ರಿಂಕಿನಲ್ಲಿ ಒಬ್ಬೊಬ್ಬರಾಗಿ ಬಂದರು, ಈಗ ಬೇಸ್‌ಮೆಂಟ್ ತುಂಬ ಲೈಕ್ರಾ, ಎಳೆದರೆ ಹಿಗ್ಗುವ ಬಟ್ಟೆ. ನಿಮ್ಮ ಹಾಗೇ ನಡುವಯಸ್ಸಿನಲ್ಲಿ ನಾನೂ ಕೆಲವು ಡಾನ್ಸ್ ಟೆಸ್ಟ್ ಕೊಟ್ಟಿದ್ದೇನೆ. ಅದರಲ್ಲಿ ಒಂದರ ಕಥೆ ಹೇಳಿಬಿಡುತ್ತೇನೆ, ಅರ್ಧ ಉತ್ತರ ಅದರಲ್ಲೇ ಇದೆ.

ವಿಲ್ಲೋ ವಾಲ್ಟ್ಸ್ ಟೆಸ್ಟಿಗೆ ಅಂತ ನಾನೇ ಒಂದು ನೇರಳೆ ಡ್ರೆಸ್ ಹೊಲಿದುಕೊಂಡೆ. ಬೆನ್ನಿಗೆ ಪೂರ್ತಿ ಲೇಸು. ಕನ್ನಡಿ ಮುಂದೆ ಎಷ್ಟು ಚೆಂದ ಕಾಣುತ್ತಿತ್ತು ಅಂದರೆ, ಹತ್ತು ಸಲ ತಿರುಗಿ ತಿರುಗಿ ಬೆನ್ನನ್ನೇ ನೋಡಿಕೊಂಡೆ. ಈ ಡಾನ್ಸಿನಲ್ಲಿ ಇಬ್ಬರೂ ಎದುರುಬದುರು ಹಿಡಿದುಕೊಳ್ಳಬೇಕು, ಗಂಡಸಿನ ಬಲಗೈ ಹೆಂಗಸಿನ ಬೆನ್ನಿನ ಮೇಲೆ, ಭುಜದ ಮೂಳೆ ಹತ್ತಿರ. ನನ್ನ ಪಾರ್ಟ್ನರ್ ಅವತ್ತು ನೀಟಾಗಿ ಕಾಣಲಿ ಅಂತ ತೋಳಿಗೆ ಬಟನ್ ಇರುವ ಶರ್ಟ್ ಹಾಕಿಕೊಂಡು ಬಂದಿದ್ದರು. ಎರಡನೇ ಸುತ್ತಿನಲ್ಲಿ ಆ ಬಟನ್ ನನ್ನ ಲೇಸಿಗೆ ಸಿಕ್ಕಿಕೊಂಡಿತು. ಕೈ ಬಿಡಿಸಿಕೊಳ್ಳಲು ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ. ಅವರು ಮೊಣಕೈ ಎತ್ತಿ ಎಳೆಯುತ್ತಾರೆ, ನಾನು ಬೆನ್ನು ಬಗ್ಗಿಸಿ ಹಿಂದೆ ಹೋಗುತ್ತೇನೆ. ಕೊನೆಗೆ ಪರ್ರ್ ಅಂತ ಹರಿಯಿತು. ರಿಸಲ್ಟ್ ಚೀಟಿಯಲ್ಲಿ 'ರೀಟ್ರೈ', ಅಂದರೆ ಪಾಸಾಗಿಲ್ಲ, ಇನ್ನೊಮ್ಮೆ ಕೊಡಿ ಅಂತ. ಬಟ್ಟೆಗೆ ಮಾರ್ಕ್ಸ್ ಇಲ್ಲ ಅಂದೆನಲ್ಲ, ಬಟ್ಟೆಯಿಂದ ಮಾರ್ಕ್ಸ್ ಹೋಗುವುದು ಹೀಗೆ.

ಸಿಂಗಲ್ಸ್, ಅಂದರೆ ಒಬ್ಬಳೇ ಮಾಡುವ ಸ್ಕೇಟರಿನ ಡ್ರೆಸ್ ಅವಳೊಬ್ಬಳದು. ಐಸ್ ಡಾನ್ಸಿನ ಡ್ರೆಸ್ ಇಬ್ಬರದು. ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವುದೆಲ್ಲ ಹೆಚ್ಚಾಗಿ ಸಿಂಗಲ್ಸ್ ಹುಡುಗಿಯರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ಅದನ್ನು ತಗೊಳ್ಳುವಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಪಾರ್ಟ್ನರಿನ ಕೈ ಎಲ್ಲಿ ಬರುತ್ತದೆ?

ಡಚ್ ವಾಲ್ಟ್ಸ್ ಕಿಲಿಯನ್ ಹಿಡಿತದಲ್ಲಿ ಮಾಡುವುದು, ನಿಮಗೆ ಗೊತ್ತೇ ಇದೆ. ನೀವು ಅವರ ಬಲಗಡೆ, ಅವರ ಬಲಗೈ ನಿಮ್ಮ ಬೆನ್ನ ಹಿಂದಿನಿಂದ ಬಂದು ನಿಮ್ಮ ಬಲ ಸೊಂಟದ ಮೇಲೆ ನಿಮ್ಮ ಬಲಗೈಯನ್ನು ಹಿಡಿದಿರುತ್ತದೆ. ಅಂದರೆ ನಿಮ್ಮ ಸೊಂಟದ ಹಿಂಭಾಗ ಪೂರ್ತಿ ಅವರ ತೋಳಿನ ದಾರಿ. ಅಲ್ಲಿ ಕಲ್ಲು, ಮಣಿ, ಬೆಲ್ಟಿನ ಬಕಲ್, ದೊಡ್ಡ ಜಿಪ್ಪು, ಗಂಟು ಕಟ್ಟುವ ಲಾಡಿ ಯಾವುದೂ ಬೇಡ. ರ‍್ಯಾಪ್ ಸ್ಕರ್ಟ್ ಹಾಕುವವರು ಗಂಟನ್ನು ಬಲ ಸೊಂಟಕ್ಕೆ ತರುತ್ತಾರೆ, ಆಮೇಲೆ ಇಬ್ಬರ ಕೈಯೂ ಆ ಗಂಟಿನ ಮೇಲೇ ಕೂರುತ್ತದೆ. ಎಡಕ್ಕೆ ಕಟ್ಟಿ, ತುದಿಯನ್ನು ಒಳಗೆ ಸೇರಿಸಿ ಎರಡು ಹೊಲಿಗೆ ಹಾಕಿ. ಬಳೆ, ಕಲ್ಲಿನ ಉಂಗುರ, ವಾಚು ಮನೆಯಲ್ಲೇ ಇರಲಿ. ಮಾಂಗಲ್ಯದ ಸರ ತೆಗೆಯಲು ಮನಸ್ಸಿಲ್ಲದಿದ್ದರೆ ಡ್ರೆಸ್ಸಿನ ಒಳಗೆ ಹಾಕಿ ಮೆಡಿಕಲ್ ಟೇಪ್ ಅಂಟಿಸಿಬಿಡಿ, ನಾನು ಮಾಡುವುದೂ ಅದನ್ನೇ.

ಈಗ ಸ್ಕರ್ಟಾ ಲೆಗ್ಗಿಂಗ್ಸಾ ಅನ್ನುವ ವಿಷಯ. ಹಿಂದೆ ಇದಕ್ಕೆ ಜಗಳವೇ ಇರಲಿಲ್ಲ, ಹೆಂಗಸರು ಸ್ಕರ್ಟ್ ಹಾಕಬೇಕು ಅಂತ ನಿಯಮವೇ ಇತ್ತು. ಸಿಂಗಲ್ಸಿನಲ್ಲಿ ಅದು 2004ರಲ್ಲಿ ಹೋಯಿತು. ಡಾನ್ಸಿನಲ್ಲಿ ಅದಕ್ಕಿಂತ ಎಷ್ಟೋ ಕಾಲ ಉಳಿದುಕೊಂಡಿತ್ತು, ಬಾಲ್‌ರೂಮ್ ಡಾನ್ಸಿನಿಂದ ಬಂದ ಆಟ ಅಲ್ವಾ. ಈಗ ಅಲ್ಲೂ ಪ್ಯಾಂಟು ಕಾಣಿಸಿಕೊಳ್ಳುತ್ತಿದೆ. ನಿಮ್ಮ ಟೆಸ್ಟಿಗೆ ಕಪ್ಪು ಲೆಗ್ಗಿಂಗ್ಸ್ ಮೇಲೆ ತೊಡೆ ಮಧ್ಯಕ್ಕೆ ಬರುವ ಒಂದು ತೆಳು ಸ್ಕರ್ಟ್ ಹಾಕಿ ಅಂತ ನನ್ನ ಸಲಹೆ. ದೊಡ್ಡವರ ಟೆಸ್ಟಿನಲ್ಲಿ ಅರ್ಧಕ್ಕರ್ಧ ಜನ ಹೀಗೇ ಬರುತ್ತಾರೆ. ಬರಿಗಾಲು ತೋರಿಸಬೇಕಾ ಅಂತ ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ನಮ್ಮ ಕಡೆಯ ಹೆಂಗಸರು ಎಲ್ಲರೂ ಕೊನೆಗೆ ತಗ್ಗಿದ ದನಿಯಲ್ಲಿ ಕೇಳುವುದು ಅದನ್ನೇ. ಬೇಕಾಗಿಲ್ಲ. ಮೈಗೆ ಅಂಟಿದ ಉದ್ದ ತೋಳಿನ ಟಾಪು, ಸ್ಕರ್ಟು, ಲೆಗ್ಗಿಂಗ್ಸು, ಕೂದಲು ಬಿಗಿಯಾಗಿ ಕಟ್ಟಿದರೆ ಮುಗಿಯಿತು.

ಸ್ಕರ್ಟ್ ಯಾಕೆ ಹೇಳಿದೆ ಅಂದರೆ, ಅದು ನಿಮ್ಮ ಕೆಲಸ ಮಾಡುತ್ತದೆ. ಒಂದು ಕಾಲಿನ ಮೇಲೆ ಜಾರುತ್ತಾ ಇನ್ನೊಂದನ್ನು ಬೀಸುವ ಸ್ವಿಂಗ್ ರೋಲಿನಲ್ಲಿ ಕಾಲು ಮುಂದೆ ಹೋದ ಮೇಲೆ ಬಟ್ಟೆ ಒಂದು ಕ್ಷಣ ತಡವಾಗಿ ಹಿಂದೆ ಬರುತ್ತದೆ. ನೋಡುವವರಿಗೆ ನೀವು ತೇಲಿದ ಹಾಗೆ ಕಾಣುತ್ತದೆ. ಇದಕ್ಕೆ ಶಿಫಾನ್, ಜಾರ್ಜೆಟ್, ತೆಳು ಮೆಶ್ (ಜಾಲರಿ ಬಟ್ಟೆ) ಸರಿ. ಲೈಕ್ರಾ ಸ್ಕರ್ಟ್ ಭಾರಕ್ಕೆ ಜೋತುಬೀಳುತ್ತದೆ. ಉದ್ದ ಮಾತ್ರ ಜಾಸ್ತಿ ಮಾಡಬೇಡಿ. ಮಂಡಿ ಕೆಳಗೆ ಇಳಿಯುವ ಸ್ಕರ್ಟ್ ಒಲಿಂಪಿಕ್ಸಿನಲ್ಲಿ ನೋಡಲು ಚೆಂದ, ನಮ್ಮ ಮಟ್ಟದಲ್ಲಿ ಅದು ಪಾರ್ಟ್ನರಿನ ಬ್ಲೇಡಿಗೆ ಆಹಾರ. ಡಾನ್ಸ್ ಬ್ಲೇಡಿನ ಹಿಂಭಾಗವನ್ನು ಸುಮಾರು ಒಂದಿಂಚು ಗಿಡ್ಡ ಮಾಡಿರುವುದೇ ಇಬ್ಬರು ಅಷ್ಟು ಹತ್ತಿರ ಹೆಜ್ಜೆ ಹಾಕುವಾಗ ಒಬ್ಬರದ್ದೊಬ್ಬರಿಗೆ ತಾಕದಿರಲಿ ಅಂತ. ಬ್ಲೇಡಿಗೇ ಅಷ್ಟು ಯೋಚನೆ ಮಾಡಿದ್ದಾರೆ, ಬಟ್ಟೆಗೆ ಮಾಡಬೇಡವೇ?

ಗಂಡಸರ ಪ್ಯಾಂಟಿಗೂ ಇದೇ. ಸ್ಟ್ರೆಚ್ ಇರುವ ಕಪ್ಪು ಪ್ಯಾಂಟು, ಬೂಟಿನ ಮೇಲೆ ಬೀಳಬೇಕು, ಬ್ಲೇಡಿಗೆ ತಾಕಬಾರದು. ಕೆಳಗೆ ಒಂದು ಎಲಾಸ್ಟಿಕ್ ಪಟ್ಟಿ ಬೂಟಿನ ಅಡಿಯಿಂದ ಹಾದುಹೋದರೆ ಮಂಡಿ ಬಗ್ಗಿಸಿದಾಗ ಪ್ಯಾಂಟು ಮೇಲೇರಿ ಬೂಟು ಇಣುಕುವುದಿಲ್ಲ. ನಿಮ್ಮ ಕೋಚಿಗೆ ಇದೆಲ್ಲ ಗೊತ್ತಿರುತ್ತದೆ. ಆದರೂ ಎರಡು ವಿಷಯ ಕೇಳಿಬಿಡಿ: ಅವತ್ತು ಯಾವ ಬಣ್ಣ ಹಾಕುತ್ತೀರಿ, ತೋಳಿಗೆ ಬಟನ್ ಇದೆಯಾ?

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಐಸು ಬಿಳಿ, ಅದರ ಮೇಲೆ ತೀರಾ ಬಿಳಿಚಿದ ಬಣ್ಣಗಳು ಕರಗಿಹೋಗುತ್ತವೆ. ಗಾಢ ನೀಲಿ, ಮರೂನು, ಬಾಟಲ್ ಹಸಿರು ನಮ್ಮ ಮೈಬಣ್ಣಕ್ಕೂ ಒಪ್ಪುತ್ತವೆ, ದೂರಕ್ಕೂ ಕಾಣುತ್ತವೆ.

ಮೈಬಣ್ಣ ಅಂದಾಗ ನೆನಪಾಯಿತು. ಮಗಳ ಡ್ರೆಸ್ಸಿಗೆ ಇದು ದೊಡ್ಡ ತಲೆನೋವು. ಸ್ಕೇಟಿಂಗ್ ಡ್ರೆಸ್ಸಿನಲ್ಲಿ ಬೆನ್ನು, ಭುಜ ಬರಿದಾಗಿ ಕಂಡರೂ ಅಲ್ಲಿ ಚರ್ಮದ ಬಣ್ಣದ ಮೆಶ್ ಇರುತ್ತದೆ. 'ಚರ್ಮದ ಬಣ್ಣ' ಅಂತ ಅಂಗಡಿಯವರು ಕೊಡುವುದು ಯಾರ ಚರ್ಮದ್ದು ಅಂತ ಹಾಕಿದ ಮೇಲೆ ಗೊತ್ತಾಗುತ್ತದೆ. ನಮ್ಮ ಮಕ್ಕಳ ಮೈಮೇಲೆ ಬ್ಯಾಂಡೇಜ್ ಸುತ್ತಿದ ಹಾಗಿರುತ್ತದೆ. ಈಗ ನಾಲ್ಕೈದು ಕಂದು ಛಾಯೆಗಳಲ್ಲಿ ಮೆಶ್ ಸಿಗುತ್ತದೆ, ಕೇಳಿ ತರಿಸಿ. ಸಿಗದಿದ್ದರೆ ಚಹಾ. ತಮಾಷೆ ಅಲ್ಲ. ದೊಡ್ಡ ಪಾತ್ರೆಯಲ್ಲಿ ಡಿಕಾಕ್ಷನ್ ಹಾಗೆ ಕಡು ಟೀ ಕಾಯಿಸಿ, ಸೋಸಿ, ಸ್ವಲ್ಪ ಆರಿದ ಮೇಲೆ ಒದ್ದೆ ಮೆಶ್ ಮುಳುಗಿಸಿ, ಐದೈದು ನಿಮಿಷಕ್ಕೆ ತೆಗೆದು ಅವಳ ತೋಳಿನ ಪಕ್ಕ ಹಿಡಿದು ನೋಡುತ್ತಾ ಹೋಗಿ. ಒಣಗಿದ ಮೇಲೆ ಒಂದು ಛಾಯೆ ತಿಳಿಯಾಗುತ್ತದೆ, ಅದಕ್ಕೆ ಬೇಕಾದ್ದಕ್ಕಿಂತ ಕೊಂಚ ಗಾಢ ಇರುವಾಗ ತೆಗೆಯಿರಿ. ನೈಲಾನ್ ಮೆಶ್ ಆದರೆ ಬಣ್ಣ ಹಿಡಿಯುತ್ತದೆ, ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಹಾಗಾಗಿ ಮೊದಲು ಒಂದು ಚೂರು ಹಾಕಿ ನೋಡಿ. ಟೈಟ್ಸಿಗೂ ಇದೇ ಉಪಾಯ. ಮಾಂಡರ್ ಕಂಪನಿಯ ಟೈಟ್ಸ್ ಎಲ್ಲ ರಿಂಕಿನಲ್ಲೂ ಸಿಗುತ್ತವೆ, ಅದರ 'ಸನ್‌ಟ್ಯಾನ್' ನಮ್ಮಲ್ಲಿ ಕೆಲವರಿಗೆ ಸರಿಹೋಗುತ್ತದೆ, ಉಳಿದವರು ಪಾತ್ರೆ ಇಡಬೇಕು. ಎರಡು ಜೊತೆ ಒಟ್ಟಿಗೇ ಅದ್ದಿ, ಯಾಕೆಂದರೆ ಒಂದು ಹರಿಯುತ್ತದೆ. ಅದೂ ಸ್ಪರ್ಧೆಯ ದಿನವೇ ಹರಿಯುತ್ತದೆ.

ಸ್ಪರ್ಧೆ ಅಂದರೆ ಲೆಕ್ಕ ಬೇರೆ. ಅಲ್ಲಿ ಬಟ್ಟೆಗೆ ನಿಯಮ ಇದೆ. ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಮಾತಿನ ಸಾರ ಇಷ್ಟು: ಬಟ್ಟೆ ಸಭ್ಯವಾಗಿರಬೇಕು, ಆಟಕ್ಕೆ ತಕ್ಕದ್ದಾಗಿರಬೇಕು, ಸಂಗೀತದ ಪಾತ್ರ ತೋರಿಸಬಹುದು ಆದರೆ ನಾಟಕದ ವೇಷ ಆಗಬಾರದು, ಕೈಯಲ್ಲಿ ಹಿಡಿಯುವ ವಸ್ತು ಇರಬಾರದು. ಇದು ತಪ್ಪಿದರೆ 1 ಅಂಕ ಹೋಗುತ್ತದೆ. ಬಟ್ಟೆಯದೋ ಅಲಂಕಾರದ್ದೋ ಒಂದು ಚೂರು ಐಸಿನ ಮೇಲೆ ಬಿದ್ದರೂ 1 ಅಂಕ. ಮಗಳ ಮಟ್ಟಕ್ಕೆ ಏನು ಅನ್ವಯಿಸುತ್ತದೆ ಅಂತ ಸ್ಪರ್ಧೆಯ ಪ್ರಕಟಣೆಯಲ್ಲಿ ಒಮ್ಮೆ ಓದಿಕೊಳ್ಳಿ, ಅಭ್ಯಾಸ ಮಾತ್ರ ಈಗಿನಿಂದಲೇ ಆಗಲಿ.

ಚೂರು ಬೀಳುವುದು ಬರೀ ಅಂಕದ ವಿಷಯವೂ ಅಲ್ಲ. ಐಸಿನ ಮೇಲೆ ಬಿದ್ದ ಒಂದು ಹೇರ್‌ಪಿನ್ ಮೇಲೆ ಬ್ಲೇಡ್ ಹತ್ತಿದರೆ ಕಾಲು ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಭಾರತೀಯ ಸಂಗೀತ ಅಂದಿರಲ್ಲ, ಅಂದರೆ ಬಿಂದಿ ಬೇಕು ಅಂತ ಆಸೆ ಇದ್ದೇ ಇರುತ್ತದೆ. ಸ್ಟಿಕ್ಕರ್ ಬಿಂದಿ ಬೇಡ. ಬೆವರಿಗೆ ಮೊದಲು ಬೀಳುವುದು ಅದೇ. ಲಿಕ್ವಿಡ್ ಐಲೈನರಿನಲ್ಲಿ ಬರೆಯಿರಿ. ಮಲ್ಲಿಗೆ ಮುಡಿಸಬೇಡಿ, ಝುಮಕಿ ಬೇಡ, ಗೆಜ್ಜೆ ಅಂತೂ ಯೋಚಿಸಲೂ ಬೇಡಿ. ಕೂದಲಿಗೆ ಬಟ್ಟೆಯ ಹೂವು ಬೇಕಿದ್ದರೆ ಪಿನ್ನಿನಿಂದ ಸಿಕ್ಕಿಸದೆ ಸೂಜಿ ದಾರದಿಂದ ರಬ್ಬರ್ ಬ್ಯಾಂಡಿಗೇ ಹೊಲಿಯಿರಿ.

ಕೊಕ್ಕೆಯ ಮೇಲೂ ನಂಬಿಕೆ ಇಡಬೇಡಿ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಗ್ಯಾಬ್ರಿಯೆಲಾ ಪಾಪಡಾಕಿಸ್ ಅವರ ಡ್ರೆಸ್ಸಿನ ಕುತ್ತಿಗೆಯ ಕೊಕ್ಕೆ ಮೊದಲ ಸುತ್ತಾದ ಶಾರ್ಟ್ ಡಾನ್ಸಿನ ಶುರುವಿನಲ್ಲೇ ಬಿಚ್ಚಿಕೊಂಡಿತು. ಅವರೂ ಗಿಯೋಮ್ ಸಿಜೆರಾನ್ ಅವರೂ ನಿಲ್ಲಿಸದೆ ಪೂರ್ತಿ ಮಾಡಿದರು. ಮರುದಿನ ಎರಡನೇ ಸುತ್ತಾದ ಫ್ರೀ ಡಾನ್ಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕವೂ ಬಂತು. ಆದರೆ ಒಟ್ಟು ಲೆಕ್ಕದಲ್ಲಿ ಕೆನಡಾದ ಟೆಸ್ಸಾ ವರ್ಚು, ಸ್ಕಾಟ್ ಮೊಯರ್ ಜೋಡಿ 206.07, ಇವರು 205.28. ಚಿನ್ನ ಮತ್ತು ಬೆಳ್ಳಿ ನಡುವೆ 0.79 ಅಂಕ. ಕೊಕ್ಕೆ ನೆಟ್ಟಗಿದ್ದಿದ್ದರೆ ಗೆಲ್ಲುತ್ತಿದ್ದರು ಅಂತ ನಾನು ಹೇಳುವುದಿಲ್ಲ, ಆದರೆ ಎದೆಯ ಬಟ್ಟೆ ಜಾರುತ್ತಿರುವಾಗ ಯಾರಿಗೆ ತಾನೇ ಹೆಜ್ಜೆಯ ಮೇಲೆ ಪೂರ್ತಿ ಗಮನ ಇರುತ್ತದೆ? ಅದೇ ಒಲಿಂಪಿಕ್ಸಿನ ಟೀಮ್ ಸ್ಪರ್ಧೆಯಲ್ಲಿ ದಕ್ಷಿಣ ಕೊರಿಯಾದ ಯೂರಾ ಮಿನ್ ಅವರಿಗೂ ಹೀಗೇ ಬೆನ್ನಿನ ಕೊಕ್ಕೆ ಬಿಚ್ಚಿತ್ತು. ಮುಂದಿನ ಸಲ ಡ್ರೆಸ್ಸಿನೊಳಗೆ ನನ್ನನ್ನು ಹೊಲಿದುಕೊಂಡೇ ಬರುತ್ತೇನೆ ಅಂತ ಆಮೇಲೆ ಅವರೇ ತಮಾಷೆ ಮಾಡಿದರು. ನಾನು ಮಾಡುವುದು ನಿಜವಾಗಿ ಅದನ್ನೇ. ಕೊಕ್ಕೆ ಹಾಕಿ, ಅದರ ಮೇಲೆ ಅದೇ ಬಣ್ಣದ ದಾರದಲ್ಲಿ ನಾಲ್ಕು ಹೊಲಿಗೆ. ಮುಗಿದ ಮೇಲೆ ಕತ್ತರಿ.

ಈಗ ಭರತನಾಟ್ಯದ ಡ್ರೆಸ್ಸಿಗೆ ಬರೋಣ. ಬೇಡ. ಎಷ್ಟು ಪ್ರೀತಿಯ ಡ್ರೆಸ್ಸು ಅಂತ ಗೊತ್ತು, ಆದರೂ ಬೇಡ. ರೇಷ್ಮೆ ಎಳೆದರೆ ಬರುವುದಿಲ್ಲ. ನೆಲದ ಮೇಲೆ ಅರಮಂಡಿಗೆ ಕೂರುವಾಗ ಎದುರಿನ ಬೀಸಣಿಗೆ ಬಿಚ್ಚಿ ಜಾಗ ಕೊಡುತ್ತದೆ, ಸರಿ. ಐಸಿನಲ್ಲಿ ಕಾಲು ಹಿಂದಕ್ಕೆ ಚಾಚಬೇಕು, ತೋಳು ಕಿವಿ ಪಕ್ಕಕ್ಕೆ ಹೋಗಬೇಕು, ಆಗ ಕಂಕುಳಲ್ಲಿ ಮೊದಲು ಬಿಡುತ್ತದೆ. ಜರಿ ಅಂಚು ಮೆಶ್ಶನ್ನೂ ಟೈಟ್ಸನ್ನೂ ಗೀರುತ್ತದೆ. ಅದಕ್ಕೆ ಬದಲು ಆ ಡ್ರೆಸ್ಸಿನ ಬಣ್ಣ ಹಿಡಿಯಿರಿ. ಮೈಭಾಗ ಅದೇ ಬಣ್ಣದ ಲೈಕ್ರಾ, ಬೀಸಣಿಗೆಯ ನೆರಿಗೆಯನ್ನು ತೆಳು ಜಾರ್ಜೆಟ್ಟಿನಲ್ಲಿ ಸ್ಕರ್ಟಿನ ಎದುರಿಗೆ ಒಂದು ಗೇಣು, ಜರಿಯ ಜಾಗದಲ್ಲಿ ಚಿನ್ನದ ಬಣ್ಣದ ಸ್ಟ್ರೆಚ್ ಪಟ್ಟಿ. ಮೂವತ್ತು ಅಡಿ ದೂರದಿಂದ ಅದು ಭರತನಾಟ್ಯದ್ದೇ ಅಂತ ಗೊತ್ತಾಗುತ್ತದೆ.

ನೀವಿರುವ ರಾಜ್ಯದಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. 2009-10ರ ಸೀಸನ್ನಿನಲ್ಲಿ, ಆಗ ಸ್ಪರ್ಧೆಯ ಒಂದು ಸುತ್ತಾಗಿದ್ದ ಒರಿಜಿನಲ್ ಡಾನ್ಸಿಗೆ ಜನಪದ ನೃತ್ಯದ ವಿಷಯ ಕೊಟ್ಟಿದ್ದರು. ಮಿಷಿಗನ್ನಿನ ಮೆರಿಲ್ ಡೇವಿಸ್, ಚಾರ್ಲಿ ವೈಟ್ ಹಿಂದಿ ಸಿನಿಮಾ ಹಾಡುಗಳಿಗೆ ಮಾಡಿದರು. ಅವರು ಅಭ್ಯಾಸ ಮಾಡುತ್ತಿದ್ದುದು ಕ್ಯಾಂಟನ್ನಿನಲ್ಲಿ, ನಮ್ಮವರು ತುಂಬಿಕೊಂಡಿರುವ ಊರು. ಭಾರತೀಯ ನೃತ್ಯ ಗೊತ್ತಿದ್ದವರ ಹತ್ತಿರ ಹೋಗಿ ಕಲಿತು ಮಾಡಿದ್ದರಿಂದ ಕೈ, ಕಣ್ಣು, ಬಟ್ಟೆ ಎಲ್ಲ ಒಂದಕ್ಕೊಂದು ಹೊಂದಿತ್ತು. 2010ರ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದರು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ: ನೋಟ ನಮ್ಮದು, ಸ್ಕರ್ಟಿನ ಅಳತೆ ಸ್ಕೇಟಿಂಗಿನದು. ಅದೇ ವರ್ಷ ರಷ್ಯಾದ ಒಕ್ಸಾನಾ ಡೊಮ್ನಿನಾ, ಮ್ಯಾಕ್ಸಿಮ್ ಶಬಾಲಿನ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ವೇಷ ಅಂತ ಎಲೆ, ಬಿಳಿ ಪಟ್ಟೆ ಎಲ್ಲ ಮಾಡಿಕೊಂಡು ಬಂದು, ಆ ಜನರಿಂದಲೇ ಬೈಸಿಕೊಂಡರು. ನಿಮ್ಮ ಮಗಳಿಗೆ ಆ ಭಯ ಇಲ್ಲ, ಅವಳದೇ ಸಂಸ್ಕೃತಿ. ಆದರೂ ಸೆರಗು, ಡಾಬು, ಜಡೆಬಿಲ್ಲೆ ಅಂತ ಒಂದರ ಮೇಲೊಂದು ಹೇರಿದರೆ ಸ್ಕೇಟಿಂಗ್ ಕೆಳಗೆ ಹೂತುಹೋಗುತ್ತದೆ.

ಚಿಕ್ಕಪೇಟೆಯಲ್ಲಿ ಬಟ್ಟೆ ತನ್ನಿ, ಧಾರಾಳವಾಗಿ ತನ್ನಿ. ಜಾರ್ಜೆಟ್ಟು, ಶಿಫಾನು ಅಲ್ಲಿನ ಬೆಲೆಗೆ ಇಲ್ಲಿ ಕನಸಿನಲ್ಲೂ ಸಿಗುವುದಿಲ್ಲ. ಲೈಕ್ರಾ ಮಾತ್ರ ಕೈಯಲ್ಲಿ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ. ಎರಡೂ ಕಡೆ ಹಿಗ್ಗಬೇಕು, ಬಿಟ್ಟ ತಕ್ಷಣ ವಾಪಸ್ ಬರಬೇಕು. ಹೊಲಿಸುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ನಮ್ಮ ಬ್ಲೌಸ್ ಟೈಲರುಗಳ ಕೈಚಳಕಕ್ಕೆ ನಾನು ಯಾವತ್ತೂ ತಲೆಬಾಗುತ್ತೇನೆ, ಆದರೆ ಅವರ ಕೈ ಪಳಗಿರುವುದು ಹಿಗ್ಗದ ಬಟ್ಟೆಗೆ. ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ, ಮೊದಲ ಸ್ಪಿನ್ನಿಗೇ ಟಪಟಪ ಕಡಿಯುತ್ತದೆ. ಇದಕ್ಕೆ ಓವರ್‌ಲಾಕ್ ಅಥವಾ ಜಿಗ್‌ಜಾಗ್ ಹೊಲಿಗೆಯೇ ಬೇಕು. ಈಜುಡುಗೆ, ಯೋಗದ ಬಟ್ಟೆ ಹೊಲಿಯುವವರು ಗೊತ್ತಿದ್ದರೆ ಅವರಿಗೆ ಕೊಡಿ. ಇನ್ನೊಂದು ತೊಂದರೆ ಇದೆ. ಮಗಳಿಗೆ 11 ವರ್ಷ. ಡಿಸೆಂಬರಿನಲ್ಲಿ ಊರಲ್ಲಿ ಅಳತೆ ಕೊಟ್ಟು ಜೂನಿನಲ್ಲಿ ಹಾಕಿಸಿದರೆ ಅದು ತಂಗಿಯ ಡ್ರೆಸ್ ಆಗಿರುತ್ತದೆ.

ಕಲ್ಲು ಅಂಟಿಸುವುದನ್ನು ನೀವೇ ಮಾಡಬಹುದು. 144 ಕಲ್ಲಿನ ಲೆಕ್ಕದಲ್ಲಿ ಪೊಟ್ಟಣ ಸಿಗುತ್ತದೆ, ಈ ವಯಸ್ಸಿನವರಿಗೆ ಎರಡು ಮೂರು ಪೊಟ್ಟಣ ಧಾರಾಳ. ಎದೆಯ ಮೇಲೆ ಒತ್ತಾಗಿ, ಕೆಳಗೆ ಹೋದಂತೆ ವಿರಳವಾಗಿ. ಡ್ರೆಸ್ಸನ್ನು ಟೇಬಲ್ ಮೇಲೆ ಹಾಸಿ ಅಂಟಿಸಬೇಡಿ. ದಿಂಬೋ ಪ್ಲಾಸ್ಟಿಕ್ ಡಬ್ಬವೋ ಒಳಗೆ ತುರುಕಿ, ಮೈಮೇಲೆ ಇರುವಷ್ಟೇ ಹಿಗ್ಗಿಸಿ ಆಮೇಲೆ ಅಂಟಿಸಿ, ಇಲ್ಲದಿದ್ದರೆ ಅವಳು ಹಾಕಿದ ಕೂಡಲೇ ಕಲ್ಲುಗಳು ಪಟಪಟ ಹಾರುತ್ತವೆ. ಕಿಟಕಿ ತೆಗೆದಿಡಿ, ಆ ಗೋಂದಿನ ವಾಸನೆ ಒಳ್ಳೆಯದಲ್ಲ. ಮೂರು ದಿನ ಮುಟ್ಟಬೇಡಿ. ಆಮೇಲೆ ಉಗುರಿನಿಂದ ಒಂದೊಂದನ್ನೂ ಕೆರೆದು ನೋಡಿ, ಬರುವುದು ಮನೆಯಲ್ಲೇ ಬಂದುಬಿಡಲಿ.

ಇನ್ನು ನಿಮ್ಮ ಟೆಸ್ಟ್. ಅವತ್ತಿನ ಬಟ್ಟೆ ಅವತ್ತು ಮೊದಲ ಸಲ ಹಾಕಬಾರದು. ಒಂದು ವಾರ ಮೊದಲು ಪೂರ್ತಿ ವೇಷದಲ್ಲಿ, ಒಳ ಉಡುಪು, ಲೆಗ್ಗಿಂಗ್ಸ್, ಕೂದಲು ಸಮೇತ, ಕೋಚ್ ಜೊತೆ ಕಿಲಿಯನ್ ಹಿಡಿತದಲ್ಲಿ, ಸಂಗೀತ ಹಾಕಿ ಪೂರ್ತಿ ವೇಗದಲ್ಲಿ ಎರಡು ಸುತ್ತು ಮಾಡಿ. ಯಾರಿಗಾದರೂ ಫೋನ್ ಕೊಟ್ಟು ಹಿಂದಿನಿಂದ ವಿಡಿಯೋ ತೆಗೆಸಿ. ಸ್ಕರ್ಟ್ ಸೊಂಟದಲ್ಲಿ ತಿರುಗುತ್ತಿದೆಯಾ, ಟಾಪು ಮೇಲೇರುತ್ತಿದೆಯಾ, ಅವರ ತೋಳು ಎಲ್ಲಾದರೂ ತಡವರಿಸುತ್ತಿದೆಯಾ ಅಂತ ನೋಡಿ. ಸ್ಕರ್ಟ್ ತಿರುಗಿದರೆ ಲೆಗ್ಗಿಂಗ್ಸಿಗೇ ನಾಲ್ಕು ಕಡೆ ಹೊಲಿಗೆ ಹಾಕಿಬಿಡಿ. ಕೈಗೆ ತೆಳು ಕಪ್ಪು ಗ್ಲೌಸ್ ಹಾಕಿಕೊಳ್ಳಿ, ಟೆಸ್ಟಿನಲ್ಲಿ ಯಾರೂ ಬೇಡ ಅನ್ನುವುದಿಲ್ಲ, ಗಾಬರಿಗೆ ಬೆವರಿದ ಕೈ ಜಾರುವುದೂ ತಪ್ಪುತ್ತದೆ.

ಬ್ಯಾಗಿನಲ್ಲಿ ಸೂಜಿ, ಕಪ್ಪು ದಾರ, ಸಣ್ಣ ಕತ್ತರಿ, ಇನ್ನೊಂದು ಜೊತೆ ಲೆಗ್ಗಿಂಗ್ಸ್ ಇರಲಿ. ಮಗಳ ಡ್ರೆಸ್ಸಿನ ಸ್ಕೆಚ್ ಆದಾಗ ಕಳಿಸಿ, ಭರತನಾಟ್ಯದ ಡ್ರೆಸ್ಸಿನ ಅಂಚಿನ ಫೋಟೋನೂ ಇರಲಿ. ನೆರಿಗೆ ಎಷ್ಟು ಅಗಲ ಇಡಬೇಕು ಅಂತ ಅದನ್ನು ನೋಡಿಯೇ ಹೇಳಬೇಕು.